ಮೂವರು ಹುಡುಗಿಯರ ಕೋಣೆಗೆ ಮೇಜು

ಪುಣೆಯ ಹಡಪಸರದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನರ್ಮದಾ ಹದಿನಾಲ್ಕು ವರ್ಷದಿಂದ ಸಾಮಾನಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು. ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಚನ್ನವೀರ ಯಾವುದೋ ಕಚೇರಿಯಲ್ಲಿ ಗುಮಾಸ್ತ, ಮನೆ ಬಿಬವೇವಾಡಿಯಲ್ಲಿ. ಹುಡುಗಿಯರು ಅವಳನ್ನು ಮರಾಠಿಯವರು ಅಕ್ಕನನ್ನು ಕರೆಯುವಂತೆ ‘ತಾಈ’ ಎನ್ನುತ್ತಿದ್ದರು. ಯಾವ ಕೋಣೆಯ ಮಂಚ ಕಿರುಗುಟ್ಟುತ್ತದೆ, ಯಾವ ಕಪಾಟಿನ ಬಾಗಿಲು ಗುದ್ದಿದರೇ ತೆರೆಯುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

೨೦೦೨ರ ದೀಪಾವಳಿ ಮುಗಿದ ಮೇಲೆ ಹಾಸ್ಟೆಲ್ಲಿನ ಹೊಸ ಕಟ್ಟಡಕ್ಕೆ ಪೀಠೋಪಕರಣ ಆರಿಸುವ ಸಭೆ ಸೇರಿತು. ಒಂದೊಂದು ಕೋಣೆಗೆ ಮೂವರು. ಹಳೆಯ ಮಾದರಿಯವೇ ಸಾಕು, ಕಬ್ಬಿಣದ ಮಂಚ, ಭಾರದ ಉಕ್ಕಿನ ಮೇಜು ಎಂದು ಸಮಿತಿಯವರು ಮಾತು ಮುಗಿಸುವುದರಲ್ಲಿದ್ದರು. ಪಟ್ಟಿ ಕೊಡಲು ಬಂದಿದ್ದ ನರ್ಮದಾ ಬಾಗಿಲಲ್ಲೇ ನಿಂತಳು. ಆ ಮೇಜುಗಳ ಮೇಲೆ ಓದುವವರು ಯಾರೂ ಇಲ್ಲ, ಅಲ್ಲಿ ಬಟ್ಟೆ ಒಣಗುತ್ತವೆ, ಹುಡುಗಿಯರು ಮಂಚದ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು ಬರೆಯುತ್ತಾರೆ ಎಂದು ಮರಾಠಿಯಲ್ಲಿ ಹೇಳಿಯೇಬಿಟ್ಟಳು. ಹಾಸ್ಟೆಲ್ಲಿನ ಮುಖ್ಯಸ್ಥೆ ನೀಲಿಮಾ ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು. ಹಾಗಿದ್ದರೆ ಹೇಗಿರಬೇಕು ಎಂದು ನೀವೇ ಮಾಡಿಸಿ ತೋರಿಸಿ, ಮೂರು ವಾರ ಕಾಯುತ್ತೇವೆ ಎಂದರು.

ಸಂಜೆ ಬಸ್ಸಿನಲ್ಲಿ ನರ್ಮದಾಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸ್ಟಾಪು ಮೊದಲೇ ಇಳಿದು, ಬಡಗಿ ಅಂಬಣ್ಣನ ಅಂಗಡಿಗೆ ಹೋದಳು. ಅಂಬಣ್ಣ ಗೋಕಾಕದ ಕಡೆಯವನು, ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಒರಟು. ಅವಳು ಸೀಮೆಸುಣ್ಣ ಕೇಳಿ ಇಸಿದುಕೊಂಡು, ಮರದ ಹೊಟ್ಟು ಗುಡಿಸಿ, ಹತ್ತು ಅಡಿಗೆ ಹದಿನಾಲ್ಕು ಅಡಿಯ ಕೋಣೆಯನ್ನು ನೆಲದ ಮೇಲೇ ಬರೆದಳು. ಮೂರು ಮಂಚದ ಜಾಗ ಬಿಟ್ಟರೆ ಉಳಿದದ್ದು ಒಂದು ಓಣಿಯಷ್ಟು.

ಗೋಡೆಗೆ ಮಡಚುವ ಮೇಜು ಆಗಬೇಕು ಎಂದಳು ನರ್ಮದಾ. ಓದುವಾಗ ಬಿಚ್ಚುವುದು, ಮುಗಿದ ಮೇಲೆ ಮಡಚುವುದು. ಕೂರಲು ಮುಚ್ಚಳವಿರುವ ಪೆಟ್ಟಿಗೆ, ಒಳಗೆ ಪುಸ್ತಕ. ಅಂಬಣ್ಣ ಗೊಣಗುತ್ತಲೇ ಅಳತೆ ಬರೆದುಕೊಂಡ, ಎಂಟು ದಿನದಲ್ಲಿ ಮಾಡಿಯೂ ಕೊಟ್ಟ. ಹೊಸ ಕಟ್ಟಡದ ಒಂದು ಕೋಣೆಯಲ್ಲಿ ಅವನ್ನು ಜೋಡಿಸಿ, ಎಂಜಿನಿಯರಿಂಗ್ ಓದುವ ಬೆಳಗಾವಿಯ ರೇಣುವನ್ನೂ ಅವಳ ಇಬ್ಬರು ಗೆಳತಿಯರನ್ನೂ ನಾಲ್ಕು ದಿನ ಇಲ್ಲಿ ಇದ್ದು ನೋಡಿ ಎಂದು ಕಳಿಸಿದ್ದಾಯಿತು. ಮೇಜು ಗೋಡೆಯಿಂದ ಕೆಳಗಿಳಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ನರ್ಮದಾ ಗೆದ್ದೆ ಅಂದುಕೊಂಡಳು.

ಮೂರನೆಯ ದಿನ ಹೋಗಿ ನೋಡಿದರೆ ಮೂರು ಮೇಜೂ ಬಿಚ್ಚಿದ್ದು ಬಿಚ್ಚಿದಂತೆಯೇ ಇದ್ದವು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ.

“ತಾಈ, ಯಾರ ಮಡಚತಾರ್ರಿ?” ರೇಣು ಸಂಕೋಚದಿಂದ ಹೇಳಿದಳು. “ಮ್ಯಾಲಿನ ಪುಸ್ತಕ, ಚಾದ ಕಪ್ಪು, ಎಲ್ಲಾ ಮೊದಲ ಎತ್ತಿ ಇಡಬೇಕಲ್ರಿ. ಇಟ್ಟರ ಎಲ್ಲಿ ಇಡೋದು?”

ನರ್ಮದಾ ಪೆಚ್ಚಾದಳು. ಅಷ್ಟರಲ್ಲಿ ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಹುಡುಗಿಯರು ಎರಡು ಪೆಟ್ಟಿಗೆಗಳನ್ನು ಅಲ್ಲಿಗೆ ಎಳೆದುಕೊಂಡು, ಮೇಲೊಂದು ಹಲಗೆ ಹಾಸಿ, ದೊಡ್ಡ ಡ್ರಾಯಿಂಗ್ ಹಾಳೆ ಹರಡಿದ್ದರು. ಮೂರನೆಯ ಪೆಟ್ಟಿಗೆಯ ಮೇಲೆ ಒಬ್ಬಳು ಕೂತು ಗೆರೆ ಎಳೆಯುತ್ತಿದ್ದಳು. ಹಿಂದಿನ ದಿನ ಅವೇ ಪೆಟ್ಟಿಗೆ ಬಾಗಿಲ ಬಳಿ ಬೆಂಚಾಗಿದ್ದವಂತೆ. ಹುಡುಗಿಯರಿಗೆ ಬೇಕಾದದ್ದು ಮಡಚುವ ಮೇಜಲ್ಲ, ಒಬ್ಬಳೇ ಎತ್ತಿ ಸರಿಸುವಂಥ ಹಗುರ ಮೇಜು! ನರ್ಮದಾ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಆಫೀಸಿನ ಫೋನಿನಿಂದ ಅಂಬಣ್ಣನಿಗೆ ಸುದ್ದಿ ಮುಟ್ಟಿಸಿದಳು.

ಅಂಬಣ್ಣನಿಗೆ ಸಿಟ್ಟು ಬಂತು. ಮಾಡಿದ ಕೆಲಸ ಕೆಡವುವುದು ಅವನಿಗೆ ಆಗದ ಮಾತು. ನರ್ಮದಾ ಅವನನ್ನು ಕರೆತಂದು ಕೋಣೆಯಲ್ಲಿ ನಿಲ್ಲಿಸಿದಳು. ಅವನು ಹಲಗೆಯ ಮೇಲಿನ ನಕ್ಷೆಯನ್ನು ನೋಡಿದ, ಬಗ್ಗಿ ಪೆಟ್ಟಿಗೆಯ ಮೂಲೆ ಸವರಿದ.

“ಅಕ್ಕಾರ, ಮೂರೂ ಮೇಜಿನ ಎತ್ತರ ಒಂದ ಇರಲಿ,” ಅಂದ. “ಉದ್ದ ಅಗಲದ ಎರಡರಷ್ಟು. ಹೆಂಗ ಕೂಡಿಸಿದ್ರೂ ಕೂಡತಾವ.”

ಅದೇ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಇಬ್ಬರೂ ನಕ್ಕರು. ವಾರದೊಳಗೆ ಅಂಬಣ್ಣ ಮೂರು ಹಗುರ ಮೇಜು ಮಾಡಿ ತಂದ.

ಸಮಿತಿಯವರು ಬಂದ ದಿನ ನರ್ಮದಾ ಹೊಸ ಸೀರೆ ಉಟ್ಟಿದ್ದಳು. ಭಾಷಣ ಮಾಡಲಿಲ್ಲ, ರೇಣುವಿಗೆ ಕಣ್ಸನ್ನೆ ಮಾಡಿದಳು. ಹುಡುಗಿಯರು ಮೂರು ಮೇಜನ್ನು ಮೂರು ಗೋಡೆಗೆ ಹಚ್ಚಿದರು. ಆಮೇಲೆ ನಡುವೆ ತಂದು ಒಂದಾಗಿ ಕೂಡಿಸಿದರು. ಎರಡನ್ನು ಕಿಟಕಿಗೆ ಉದ್ದಕ್ಕೆ ಜೋಡಿಸಿ ಹಾಳೆ ಹರಡಿದರು. ಕೊನೆಗೆ ಎಲ್ಲವನ್ನೂ ಗೋಡೆಗೆ ಒತ್ತಿ, ನೆಲ ಖಾಲಿ ಮಾಡಿ, ಚಾಪೆ ಹಾಸಿ ಕೂತರು. ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಕೋಣೆ ನಾಲ್ಕು ರೂಪ ತಾಳಿತ್ತು. ಉಕ್ಕಿನ ಮೇಜೇ ಬೇಕೆಂದು ಹಟ ಹಿಡಿದಿದ್ದ ಹಿರಿಯ ಸದಸ್ಯರೊಬ್ಬರು ಮೆಲ್ಲಗೆ ಎದ್ದು, ಒಂದು ಮೇಜನ್ನು ತಾವೇ ಸರಿಸಿ ನೋಡಿದರು. ಮತ್ತೆ ಇನ್ನೊಂದನ್ನು. ನೀಲಿಮಾ ಮೇಡಂ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದರು. ಅವತ್ತೇ ಒಪ್ಪಿಗೆಯಾಯಿತು.

ರಾತ್ರಿ ಊಟಕ್ಕೆ ಕೂತಾಗ ಚನ್ನವೀರ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡ. “ಭಾಳ ಛಲೋ ಆತು ನೋಡ,” ಅಂದ. ಅಷ್ಟಕ್ಕೇ ಅವಳ ಹೊಟ್ಟೆ ತುಂಬಿತು.

ಮುಂದಿನ ಜುಲೈನಲ್ಲಿ ಹೊಸ ಕಟ್ಟಡ ತುಂಬಿದಾಗ ನರ್ಮದಾ ಒಂದೊಂದೇ ಬಾಗಿಲು ತಟ್ಟುತ್ತ ಹೋದಳು. ಒಂದು ಕೋಣೆಯಂತೆ ಇನ್ನೊಂದಿರಲಿಲ್ಲ. ಅವಳಾಗಲಿ ಅಂಬಣ್ಣನಾಗಲಿ ಎಣಿಸದ ರೀತಿಯಲ್ಲಿ ಮೇಜುಗಳು ಕೂಡಿದ್ದವು, ಬೇರೆಯಾಗಿದ್ದವು. ಕೊನೆಯ ಕೋಣೆಯ ಹುಡುಗಿಯರು ಅವಳ ಕೈಹಿಡಿದು ಒಳಗೆ ಎಳೆದು, ಅವಲಕ್ಕಿಯ ತಟ್ಟೆ ಮುಂದಿಟ್ಟು, ತಮ್ಮ ಕೋಣೆಯೇ ಎಲ್ಲಕ್ಕಿಂತ ಚೆಂದವೆಂದು ಒಪ್ಪಿಕೊಳ್ಳುವ ತನಕ ಅವಳನ್ನು ಬಿಡಲಿಲ್ಲ.