ಎಲ್ಲ ಕ್ಯಾಮೆರಾಗಳಲ್ಲೂ ಒಂದೇ ದಾರ

ಸೀರೆ ಅಂಗಡಿಯವರಿಗೆ ನಾನೆಂದರೆ ಇಷ್ಟ. ಮೊದಲು ಬಿಚ್ಚಿ ಹಾಸಿದ ನಾಲ್ಕಾರು ಸೀರೆಗಳಲ್ಲಿ ಒಂದನ್ನು ತೋರಿಸಿ ಎದ್ದುಬಿಡುತ್ತೇನೆ. ಮದುವೆಯಲ್ಲೂ ಹಾಗೆಯೇ ಆಯಿತು. ಒಬ್ಬರು ನೋಡಲು ಬಂದರು, ಉಪ್ಪಿಟ್ಟು ತಿಂದರು, ನಾನು ಆಗಲಿ ಎಂದೆ. ಅವರು ಈಗಲೂ ಇದ್ದಾರೆ. ಆದರೆ ಕ್ಯಾಮೆರಾ ಆರಿಸುವ ಮಾತು ಬಂದರೆ ನನ್ನ ಅಂಗೈ ಬೆವರುತ್ತದೆ. ಒಂದನ್ನು ಕೊಂಡ ಮರುದಿನವೇ ಅದಕ್ಕಿಂತ ಒಳ್ಳೆಯದು ಬರುತ್ತದೆ, ನನ್ನದನ್ನು ನೋಡಿ ಯಾರೋ ‘ಇದ್ಯಾಕ ತಗೊಂಡ್ರಿ’ ಎನ್ನುತ್ತಾರೆ ಎಂಬ ಭಯ. ಇದು ಹಾಸ್ಯಕ್ಕೆ ಹೇಳುವ ಭಯವಲ್ಲ. ಎದೆಯಲ್ಲಿ ನಿಜಕ್ಕೂ ಡಬಡಬ ಆಗುತ್ತದೆ.

ನಾನು ಅಫಜಲಪುರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಹುಡುಗಿಯಾಗಿದ್ದಾಗಿನಿಂದಲೂ ದಪ್ಪ ಗಾಜಿನ ಕನ್ನಡಕ. ಕನ್ನಡಕವಿಲ್ಲದೆ ನನಗೆ ಎಮ್ಮೆಯೂ ಒಂದೇ, ಅದರ ಪಕ್ಕದ ಬಂಡೆಯೂ ಒಂದೇ. ಅಂಥವಳಿಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹೇಗೆ ಹಿಡಿಯಿತೋ ತಿಳಿಯದು. ಬಹುಶಃ ದೂರದ್ದನ್ನು ಹತ್ತಿರ ತಂದು ತೋರಿಸುವ ಯಾವ ವಸ್ತುವಿನ ಮೇಲೂ ನನಗೆ ಆಸೆ. ನನ್ನ ತಮ್ಮ ಬಳಸಿ ಬಿಟ್ಟ ಹಳೆಯ ಕ್ಯಾಮೆರಾ ಒಂದಿತ್ತು. ರವಿವಾರ ಬೆಳಿಗ್ಗೆ ಅದನ್ನು ಕೊರಳಿಗೆ ಹಾಕಿಕೊಂಡು ಶಮಶಾದಳ ಸ್ಕೂಟಿಯ ಹಿಂದೆ ಕೂತರೆ, ಸೊನ್ನದ ಹತ್ತಿರ ಭೀಮಾ ದಂಡೆಯವರೆಗೆ ನಮ್ಮ ಸವಾರಿ. ಶಮಶಾದ್ ನಮ್ಮ ಶಾಲೆಯ ವಿಜ್ಞಾನದ ಟೀಚರು, ನನಗಿಂತ ಸಾಕಷ್ಟು ಚಿಕ್ಕವಳು. ಹಕ್ಕಿಗಳಲ್ಲಿ ಅವಳಿಗೆ ಆಸಕ್ತಿಯಿಲ್ಲ. ಮನೆಗೆಲಸದಿಂದ ಅರ್ಧ ದಿನ ತಪ್ಪಿಸಿಕೊಳ್ಳುವುದರಲ್ಲಿ ಇದೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನೀರಿನ ಮೇಲೆ ಹಾರುತ್ತಿದ್ದ ರೀವ ಹಕ್ಕಿಯೊಂದನ್ನು ಹಿಂಬಾಲಿಸುತ್ತ ಕ್ಯಾಮೆರಾವನ್ನು ಮೇಲೆತ್ತಿದೆ. ಬಿಳಿ ಆಕಾಶದ ನಡುವೆ ಒಂದು ಕಪ್ಪು ದಾರ ಕಾಣಿಸಿತು. ಹರಿದ ಜೇಡರ ಬಲೆಯ ತುಂಡಿನ ಹಾಗೆ, ತುದಿಯಲ್ಲೊಂದು ಗಂಟು. ಕಣ್ಣಿಡುವ ಗಾಜನ್ನು ಊದಿದೆ, ಸೆರಗಿನಿಂದ ಒರೆಸಿದೆ. ದಾರ ಹೋಗಲಿಲ್ಲ. ಮನೆಗೆ ಬಂದು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲಿ ದಾರವೇ ಇಲ್ಲ. ಸರಿ, ಲೆನ್ಸ್ ಚೆನ್ನಾಗಿದೆ, ಕಣ್ಣಿಡುವ ಗಾಜಿನೊಳಗೆ ಬೂಷ್ಟು ಬಂದಿದೆ ಎಂದು ನಾನೇ ತೀರ್ಪು ಕೊಟ್ಟೆ. ಹಳೆಯ ಕ್ಯಾಮೆರಾಗೆ ವಯಸ್ಸಾಯಿತು, ಹೊಸದು ಕೊಳ್ಳಲೇಬೇಕು.

ಅಲ್ಲಿಂದ ಶುರುವಾಯಿತು. ಕಂಪನಿಗಳ ಹೆಸರು ಹೇಳಿ ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಬೆಲ್ಟಿನ ಬಣ್ಣ ನೋಡಿ ಶಮಶಾದ್ ಇಟ್ಟ ಹೆಸರುಗಳೇ ಸಾಕು: ಕೆಂಪುದು, ಹಳದೀದು. ಕೆಂಪುದರಲ್ಲಿ ಬಣ್ಣ ಸೊಗಸು ಎಂದು ಒಬ್ಬ ವಿಡಿಯೋದಲ್ಲಿ ಹೇಳಿದ. ಹಳದಿಯದು ಕೈಯಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂದು ಇನ್ನೊಬ್ಬ. ಒಳಗೆ ಕನ್ನಡಿಯಿರುವ ಕ್ಯಾಮೆರಾಗಳ ಕಾಲ ಮುಗಿಯಿತು ಎಂದು ಒಬ್ಬ ಹೆದರಿಸಿದರೆ, ಕನ್ನಡಿಯಿಲ್ಲದವುಗಳ ಬ್ಯಾಟರಿ ಹಕ್ಕಿ ಬರುವ ಹೊತ್ತಿಗೆ ಸಾಯುತ್ತದೆ ಎಂದು ಮತ್ತೊಬ್ಬ ಹೆದರಿಸಿದ. ಹೊಸ ಮಾದರಿಯೊಂದು ಹಾರುವ ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುತ್ತದಂತೆ. ಅದನ್ನು ಕೇಳಿದ ದಿನ ನನಗೆ ಊಟ ರುಚಿಸಲಿಲ್ಲ. ಅದಿಲ್ಲದ ಕ್ಯಾಮೆರಾ ಕೊಂಡರೆ ಜೀವನಪೂರ್ತಿ ಕುರುಡು ಹಕ್ಕಿಗಳ ಫೋಟೋ ತೆಗೆಯಬೇಕಾಗುತ್ತದೆ ಎನ್ನಿಸಿತು.

“ಎರಡೂ ಫೋಟೋ ತೆಗಿತಾವ ಇಲ್ಲೋ?” ಎಂದು ನಮ್ಮವರು ಕೇಳಿದರು. ಅವರು ತೊಗರಿ ವ್ಯಾಪಾರಿ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರೆ ಅವರ ತೀರ್ಮಾನ ಮುಗಿಯಿತು.

“ತೆಗಿತಾವ.”

“ಹಂಗಾರ ಒಂದ್ ತಗೊಂಡ್ ಬಾ, ಮುಗೀತು.”

ಮುಗಿಯಲಿಲ್ಲ. ವಾರಗಳು ಕಳೆದವು. ಶಾಲೆಯ ಊಟದ ಬಿಡುವಿನಲ್ಲಿ ಮೊಬೈಲು ಹಿಡಿದು ಕೂತರೆ ಶಮಶಾದ್ ಡಬ್ಬಿ ಬಿಚ್ಚುತ್ತ, “ಮತ್ತ ಅದೇ ನೋಡಾಕತ್ತೀರೇನ್ರಿ ಅಕ್ಕಾ? ನೀವು ತಗೊಳ್ಳೂದ್ರಾಗ ಹಕ್ಕಿ ಎಲ್ಲಾ ಮುದುಕ ಆಗ್ತಾವ” ಎನ್ನುತ್ತಿದ್ದಳು. ಕೊನೆಗೆ ಒಂದು ಶನಿವಾರ ಶಾಲೆ ಬಿಟ್ಟೊಡನೆ ನನ್ನ ಕೈ ಹಿಡಿದು ಕಲಬುರಗಿಯ ಬಸ್ಸು ಹತ್ತಿಸಿದಳು. “ಇವತ್ತ ತಗೊಂಡೇ ಬರೂಣು. ಖಾಲಿ ಕೈಲೆ ಬಂದ್ರ ನಾ ನಿಮ್ಮ ಕೂಡ ಮಾತಾಡಂಗಿಲ್ಲ.”

ಅಂಗಡಿಯ ಮಾಲೀಕರು ಮೊದಲು ಸ್ಟುಡಿಯೋ ನಡೆಸಿದವರು, ತಾಳ್ಮೆಯ ಮನುಷ್ಯ. ಕೆಂಪುದನ್ನು ಕೈಗೆ ಕೊಟ್ಟು, “ಹಿಡದ್ ನೋಡ್ರಿ ಮೇಡಂ, ಹೊರಗ ನಿಂತ್ ನೋಡ್ರಿ” ಎಂದರು. ಬಾಗಿಲಲ್ಲಿ ನಿಂತು ಎದುರಿನ ಕಟ್ಟಡದ ಮೇಲಿನ ಆಕಾಶಕ್ಕೆ ಗುರಿಯಿಟ್ಟೆ. ದಾರ ಇತ್ತು.

“ಇದರಾಗ ಏನೋ ಕಸ ಅದರಿ” ಎಂದೆ. ಅವರು ಕಣ್ಣಿಟ್ಟು ನೋಡಿದರು, ಒರೆಸಿ ಮತ್ತೆ ಕೊಟ್ಟರು. ದಾರ ಅಲ್ಲೇ. ಹಳದಿಯದನ್ನು ತೆಗೆದರು. ಅದರಲ್ಲೂ ದಾರ, ತುದಿಯಲ್ಲಿ ಅದೇ ಗಂಟು. ಮಾಲೀಕರ ಮುಖ ಸ್ವಲ್ಪ ಸಣ್ಣದಾಯಿತು. “ಮೇಡಂ, ಇದು ಈಗ ನಿಮ್ಮ ಮುಂದೇ ಡಬ್ಬಿ ಒಡದ್ ತೆಗೆದದ್ದು” ಎಂದರು. ಶಮಶಾದ್ ಕ್ಯಾಮೆರಾ ಇಸಿದುಕೊಂಡು ನೋಡಿದಳು. ಕೆಂಪುದನ್ನು ನೋಡಿದಳು, ಹಳದಿಯದನ್ನೂ ನೋಡಿದಳು. ಆಮೇಲೆ ಅವೆರಡನ್ನೂ ಮೇಜಿನ ಮೇಲಿಟ್ಟು ನನ್ನ ಮುಖವನ್ನು ನೋಡಿದಳು.

“ಅಕ್ಕಾ, ಎಡಗಣ್ಣು ಮುಚ್ಚಿ ಆ ಬಿಳಿ ಗ್ವಾಡಿ ನೋಡ್ರಿ.”

ನೋಡಿದೆ. ಕ್ಯಾಮೆರಾ ಇಲ್ಲದೆಯೂ ಗೋಡೆಯ ಮೇಲೆ ದಾರ ತೇಲುತ್ತಿತ್ತು. ಕಣ್ಣು ಹೊರಳಿಸಿದರೆ ತಾನೂ ಹೊರಳುತ್ತಿತ್ತು. ಗೋಡೆಯ ಹೊರ ಅಂಚಿನಲ್ಲಿ, ಬಾಗಿಲಿನ ಪಕ್ಕ, ಯಾರೋ ನಿಂತ ಹಾಗೆ ಒಂದು ನೆರಳೂ ಇತ್ತು. ತಿರುಗಿ ನೋಡಿದೆ. ಅಲ್ಲಿ ಯಾರೂ ನಿಂತಿರಲಿಲ್ಲ.

ಆಗ ಬಂದದ್ದು ಬೇರೆ ಜಾತಿಯ ಭಯ. ಎದೆ ಡಬಡಬ ಎನ್ನಲಿಲ್ಲ. ಮೈ ತಣ್ಣಗಾಯಿತು. “ಕನ್ನಡಕದ ಕೊಳಿ ಇರಬೇಕು, ಪರೀಕ್ಷಾ ಮುಗಿದ ಮ್ಯಾಲೆ ತೋರಿಸಿದ್ರ ಆಯ್ತು” ಎಂದು ನಾನು ಹೇಳುತ್ತಿರುವುದು ನನಗೇ ದೂರದಿಂದ ಕೇಳಿಸಿತು. ಶಮಶಾದ್ ನನ್ನನ್ನು ಹೊರಗೆ ಕರೆತಂದು ಆಟೋ ನಿಲ್ಲಿಸಿ, ಕಣ್ಣಿನ ಆಸ್ಪತ್ರೆಗೆ ಎಂದಳು.

ಕಣ್ಣಿಗೆ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಪಾಪೆ ಅಗಲವಾಗುತ್ತ ಹೋದಂತೆ ಗೋಡೆಯ ಮೇಲಿನ ಅಕ್ಷರಗಳು ಕರಗಿದವು, ನನ್ನ ಅಂಗೈ ಕರಗಿತು, ಪಕ್ಕದಲ್ಲಿ ಕೂತ ಶಮಶಾದ್ ಒಂದು ಹಸಿರು ಬಣ್ಣವಾಗಿ ಉಳಿದಳು. ಇದು ಹನಿಯಿಂದ ಎಂದು ಗೊತ್ತಿದ್ದರೂ ಹೀಗೆಯೇ ಉಳಿದುಬಿಟ್ಟರೆ ಎಂಬ ಯೋಚನೆ ಬಿಡಲಿಲ್ಲ. ಸುಮ್ಮನಿರಲಾರದೆ ಮನಸ್ಸು ತನಗೆ ಗೊತ್ತಿರುವ ಕಡೆಗೇ, ವ್ಯಾಕರಣದ ಕಡೆಗೆ, ಓಡಿತು. ಕನ್ನಡದಲ್ಲಿ ನಾವು ಏನನ್ನು ಮಾಡಿದರೂ ‘ನೋಡು’ವುದನ್ನು ಬಿಡುವುದಿಲ್ಲವಲ್ಲ. ತಿಂದು ನೋಡು, ಮುಟ್ಟಿ ನೋಡು, ಕೇಳಿ ನೋಡು, ಹಾಡಿ ನೋಡು. ನಾಲಗೆ, ಬೆರಳು, ಕಿವಿ ಎಲ್ಲವೂ ಕಣ್ಣಿನ ಕ್ರಿಯಾಪದವನ್ನು ಎರವಲು ಪಡೆದೇ ಕೆಲಸ ಮಾಡುತ್ತವೆ. ವರ್ಷವರ್ಷವೂ ಇದನ್ನು ಮಕ್ಕಳಿಗೆ ನಗುನಗುತ್ತ ಹೇಳಿಕೊಟ್ಟಿದ್ದೇನೆ. ಆ ಬೆಂಚಿನ ಮೇಲೆ ನಗು ಬರಲಿಲ್ಲ. ಇಂಥ ಭಾಷೆಯಲ್ಲಿ ಕಣ್ಣು ಕಳೆದುಕೊಂಡವಳು ಸಾರಿನ ಉಪ್ಪನ್ನಾದರೂ ಏನು ಮಾಡಿ ನೋಡಬೇಕು?

ಆಗ ಇನ್ನೊಂದು ನೆನಪಾಯಿತು. ಕೆಲವು ದಿನಗಳ ಹಿಂದೆ ರೊಟ್ಟಿಗೆ ಜೋಳದ ಹಿಟ್ಟು ನಾದುವಾಗ ಹಿಟ್ಟಿನಲ್ಲಿ ಕೂದಲು ಕಂಡಿತ್ತು. ಆರಿಸಲು ಹೋದರೆ ಕೈಗೆ ಸಿಗದೆ, ಹಿಟ್ಟನ್ನೆಲ್ಲ ಎತ್ತಿ ದನಕ್ಕೆ ಹಾಕಿದ್ದೆ.

ಡಾಕ್ಟರು ಇಜೇರಿ ಊರಿನ ಹೆಣ್ಣುಮಗಳು, ಮಾತು ನಮ್ಮದೇ. ತಲೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿ, “ಕತ್ತಲ್ದಾಗ ಮೂಲ್ಯಾಗ ಮಿಂಚಿದಂಗ ಆಗ್ತದೇನ್ರಿ?” ಎಂದು ಕೇಳಿದರು.

ಆಗುತ್ತಿತ್ತು. ಅದನ್ನು ನಾನು ನಿಜವಾದ ಮಿಂಚೆಂದೇ ತಿಳಿದಿದ್ದೆ. ಮಹಾರಾಷ್ಟ್ರದ ಕಡೆ ಅಕಾಲದ ಮಳೆ ಇರಬೇಕು ಎಂದು ನಮ್ಮವರಿಗೆ ಹೇಳಿದ್ದೆ, ಅವರು ಅಂಗಳದಲ್ಲಿದ್ದ ತೊಗರಿ ಚೀಲಗಳನ್ನು ಒಳಗೆ ಎತ್ತಿಸಿಯೂ ಇದ್ದರು. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ.

“ಬಲಗಣ್ಣಿನ ಒಳಗಿನ ಪರದಾ, ರೆಟಿನಾ ಅಂತೇವಲ್ಲ, ಅದು ಒಂದ್ ಕಡೆ ಹರದದ. ಅದರಾಗಿಂದ ನೀರು ಹಿಂದಕ್ಕ ಇಳ್ಯಾಕತ್ತದ. ಹಿಂಗೇ ಬಿಟ್ರ ಪರದಾನೇ ಕಳಚಿ ಬರ್ತದ. ಇವತ್ತೇ ಬ್ಯಾರೇಜ್ ಲೇಸರ್ ಮಾಡಬೇಕು.”

“ಬ್ಯಾರೇಜ್ ಅಂದ್ರ, ನಮ್ಮ ಸೊನ್ನದಾಗ ನೀರು ನಿಲ್ಸಾಕ ಕಟ್ಯಾರಲ್ಲ, ಅಂಥಾದ್ದೇನ್ರಿ?” ಎಂದು ಶಮಶಾದ್ ಕೇಳಿದಳು.

“ಹಂಗ ತಿಳಕೋರಿ. ಹರದ ಜಾಗದ ಸುತ್ತ ಬೆಸಗಿ ಹಾಕ್ತೇವಿ, ನೀರು ಮುಂದ ಹೋಗಬಾರದು. ಯಾವಾಗಿಂದ ಕಾಣ್ತದರಿ ಈ ದಾರ?”

ಕ್ಯಾಮೆರಾ ಹುಡುಕಲು ಶುರುಮಾಡಿದಾಗಿನಿಂದ ಎಂದೆ. ಅದು ಅವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಕೆಂಪುದೋ ಹಳದಿಯದೋ ಎಂದು ನಾನು ತೂಗುತ್ತ ಕೂತ ಅಷ್ಟೂ ದಿನ, ಅಲ್ಲಿ ಒಳಗೆ ನೀರು ಇಳಿಯುತ್ತಲೇ ಇತ್ತು.

ಗದ್ದವನ್ನು ಒಂದು ಪಟ್ಟಿಯ ಮೇಲಿಟ್ಟು ಅಲುಗಾಡಬೇಡಿ ಎಂದರು. ಹಸಿರು ಬೆಳಕು ಒಂದರ ಹಿಂದೊಂದು ಸಿಡಿಯಿತು. ಸಣ್ಣಗೆ ಚುಚ್ಚಿದಂತೆ, ಕಣ್ಣಿನ ಹಿಂದೆ ಯಾರೋ ಉಗುರಿನಿಂದ ತಟ್ಟಿದಂತೆ. ನೋವಿಗಿಂತ, ನಾನು ಅಲುಗಿಬಿಟ್ಟರೆ ಎಂಬ ಹೆದರಿಕೆ ದೊಡ್ಡದು. ಶಿವಾ ಎನ್ನಲೂ ಗದ್ದ ಅಲುಗಬೇಕಲ್ಲ ಎಂದು ಒಳಗೊಳಗೇ ಅಂದುಕೊಂಡೆ. ಹೊರಗೆ ಬಂದಾಗ ನಮ್ಮವರು ಬೆಂಚಿನ ಮೇಲಿದ್ದರು. ಶಮಶಾದ್ ಫೋನು ಮಾಡಿದ್ದಳಂತೆ. ಅವರು ನನ್ನ ಚೀಲ ಇಸಿದುಕೊಂಡು, “ನಡಿ” ಎಂದರು.

ಭಾರ ಎತ್ತಬೇಡ, ಜೋರಾಗಿ ಓಡಾಡಬೇಡ ಎಂದು ಮನೆಯಲ್ಲಿ ಕೂರಿಸಿದರು. ಪ್ರತಿ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ನಾಲ್ಕೂ ಮೂಲೆ ಇವೆಯೇ ಎಂದು ನೋಡುವುದು ನನ್ನ ಕೆಲಸ. ನೋಡುವ ಮೊದಲಿನ ಆ ಒಂದು ಕ್ಷಣ, ಕೈ ಇನ್ನೂ ಕಣ್ಣಿನ ಮೇಲಿರುವಾಗ, ಮೈ ಜುಮ್ಮೆನ್ನುತ್ತದೆ. ಇವತ್ತಿಗೂ ಹಾಗೆಯೇ. ಆ ದಿನಗಳಲ್ಲೊಮ್ಮೆ ನಮ್ಮವರು ತಮ್ಮ ಬಲಗಣ್ಣಿಗೆ ಕೈ ಮುಚ್ಚಿಕೊಂಡು ಅಡುಗೆಮನೆಯಿಂದ ಪಡಸಾಲೆಗೆ ಮೆಲ್ಲಗೆ ನಡೆದುಹೋಗುವುದನ್ನು ಕಂಡೆ. ಹೊಸ್ತಿಲು ಎಡವಿದರು. ಏನಾಯಿತು ಎಂದರೆ, “ಏನಿಲ್ಲ, ಕಣ್ಣಾಗ ಧೂಳ ಬಿದ್ದಿತ್ತು” ಎಂದರು.

ಮತ್ತೆ ತೋರಿಸಲು ಹೋದಾಗ ಡಾಕ್ಟರು ಬೆಸುಗೆ ಗಟ್ಟಿಯಾಗಿದೆ ಎಂದರು. ನೆರಳು ಹೋಗಿತ್ತು. ದಾರ ಮಾತ್ರ ಇರುತ್ತದಂತೆ, ರೂಢಿಯಾಗುತ್ತದಂತೆ. ಎಡಗಣ್ಣು ಚೆನ್ನಾಗಿದೆ, ಆದರೆ ವರ್ಷಕ್ಕೊಮ್ಮೆ ತೋರಿಸಬೇಕು. ಆಸ್ಪತ್ರೆಯಿಂದ ಹೊರಬಿದ್ದು ಶಮಶಾದ್ ಮತ್ತು ನಾನು ನೇರ ಕ್ಯಾಮೆರಾ ಅಂಗಡಿಗೆ ಹೋದೆವು. ಪಾಪ, ಆ ಮಾಲೀಕರು ನನ್ನನ್ನು ಕಂಡೊಡನೆ ಎದ್ದು ನಿಂತು ಒರೆಸುವ ಬಟ್ಟೆ ಕೈಗೆ ತೆಗೆದುಕೊಂಡರು.

ಈ ಸಲ ಎಡಗಣ್ಣಿಟ್ಟು ನೋಡಿದೆ. ಆಗ ತಿಳಿಯಿತು, ಕ್ಯಾಮೆರಾ ಮಾಡುವವರು ಬಲಗಣ್ಣಿನ ಜನ. ಬಲಗಣ್ಣಿಟ್ಟರೆ ಮೂಗು ಮರ್ಯಾದೆಯಿಂದ ಒಂದು ಬದಿಗೆ ಉಳಿಯುತ್ತದೆ. ಎಡಗಣ್ಣಿಟ್ಟರೆ ನೇರವಾಗಿ ಹಿಂದಿನ ಪರದೆಯ ಮೇಲೆ ಒತ್ತುತ್ತದೆ. ಪರದೆಯೋ ಮುಟ್ಟಿದರೆ ಮಾತು ಕೇಳುವಂಥದ್ದು. ಮೂಗು ಎಲ್ಲಿ ತಾಗಿತೋ ಆ ಕಡೆಯದನ್ನೇ ಸ್ಪಷ್ಟ ಮಾಡಿಬಿಡುತ್ತದೆ. “ಆ ಟಚ್ ಬಂದ್ ಮಾಡಾಕ ಬರ್ತದ ಮೇಡಂ” ಎಂದು ಮಾಲೀಕರು ಎಲ್ಲೋ ಒತ್ತಿ ತೋರಿಸಿದರು. ತಿಳಿಯಿತು ಎಂಬಂತೆ ತಲೆಯಾಡಿಸಿದೆ, ಮಾಡುವುದು ಹೇಗೆಂದು ತಲೆಗೆ ಹೋಗಲಿಲ್ಲ. ಹಳದಿಯದು ನನ್ನ ಸಣ್ಣ ಕೈಗೆ ಒಗ್ಗಿತು. ಕೊಡ್ರಿ ಎಂದೆ. ಬಣ್ಣ, ಬ್ಯಾಟರಿ, ನಾಳೆ ಬರುವ ಮಾದರಿ ಯಾವುದನ್ನೂ ಕೇಳಲಿಲ್ಲ. ತಪ್ಪಿದರೆ ಏನಾಗುತ್ತದೆ? ಒಂದು ತಪ್ಪು ಕ್ಯಾಮೆರಾ ನನ್ನದಾಗುತ್ತದೆ, ಅಷ್ಟೇ. ಅಷ್ಟು ಸಣ್ಣ ಅಪಾಯ ಎದುರಿಗಿರುವುದು ಎಂಥ ಸುಖ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಭಯ ಹೋಯಿತೆಂದು ತಿಳಿಯಬೇಡಿ. ಈಗ ಆಕಾಶದಲ್ಲಿ ಮಿಂಚಿದರೆ ಪಕ್ಕದಲ್ಲಿದ್ದವರನ್ನು, “ನಿಮಗೂ ಕಾಣಿಸ್ತೇನ್ರಿ?” ಎಂದು ಕೇಳುತ್ತೇನೆ. ಹೌದು ಎಂದರೆ ಮಳೆಗೆ ಕೈಮುಗಿಯುತ್ತೇನೆ.

ಮೊನ್ನೆ ಗೊಬ್ಬೂರ ದಾಟಿದ ಮೇಲೆ ರಸ್ತೆಯ ಪಕ್ಕದ ಕರೆಂಟಿನ ತಂತಿಯ ಮೇಲೆ ನೀಲಕಂಠ ಹಕ್ಕಿ ಕೂತಿತ್ತು. ಸ್ಕೂಟಿ ನಿಲ್ಲಿಸಿದೆವು. ಶಮಶಾದ್ ಮುಂದೆ ಹೋಗಿ ಹೊಲದ ಬದುವಿನ ಮೇಲೆ ನಿಂತು, ಇನ್ನೂ ಹಾರಿಲ್ಲ ಎಂದು ಕೈಸನ್ನೆ ಮಾಡಿದಳು. ಎಡಗಣ್ಣಿಟ್ಟು ಒತ್ತಿದೆ. ಫೋಟೋದಲ್ಲಿ ಹಕ್ಕಿ ನೀಲಿ ಮಸಿಯ ಕಲೆಯಂತೆ ಮಸುಕಾಗಿತ್ತು. ನನ್ನ ಮೂಗು ತನಗೆ ಬೇಕಾದದ್ದನ್ನು ಆರಿಸಿಕೊಂಡಿತ್ತು. ಕೆಳಗಿನ ಮೂಲೆಯಲ್ಲಿ ತಿರುಗಿ ನೋಡುತ್ತಿರುವ ಶಮಶಾದ್, ಹಣೆಯ ಮೇಲಿನ ಬೆವರು, ಗಾಳಿಗೆ ಕೆದರಿದ ಕೂದಲು, ಎಲ್ಲ ಸ್ಪಷ್ಟ.

ಅವಳು ಬಂದು ಇಣುಕಿ, “ಇದೇನ್ರಿ ಅಕ್ಕಾ, ನನ್ನ ಮಾರಿ ಯಾಕ ತೆಗದ್ರಿ? ಅಳಸ್ರಿ ಮೊದ್ಲ” ಎಂದಳು.

“ಇರಲಿ ತಡಿ” ಎಂದೆ. ಎಷ್ಟು ತಿಂಗಳಿಂದಲೋ ಈ ಮುಖದ ಮೇಲೆ ಒಂದು ಕಪ್ಪು ದಾರ ಅಡ್ಡಾಡುವುದನ್ನೇ ಕಾಣುತ್ತಿದ್ದೆ. ಬಲಗಣ್ಣು ಮುಚ್ಚಿ ಫೋಟೋವನ್ನು ಇನ್ನಷ್ಟು ದೊಡ್ಡದು ಮಾಡಿದೆ. ಎಲ್ಲೂ ದಾರವಿರಲಿಲ್ಲ. ಅಷ್ಟರಲ್ಲಿ ತಂತಿಯ ಮೇಲಿನ ಹಕ್ಕಿ ಹಾರಿಹೋಯಿತು. ನಾವಿಬ್ಬರೂ ತಲೆಯೆತ್ತಲಿಲ್ಲ.