ನಡುಮನೆಯ ಕಂಬ

ಪಕ್ಕದ ಸೈಟಿನಲ್ಲಿ ಇವತ್ತು ಹೊಸ ತಾರಸಿಯ ಸೆಂಟ್ರಿಂಗ್ ಬಿಚ್ಚುತ್ತಿದ್ದರು. ನೀರು ಕುಡಿದ ಸಿಮೆಂಟಿನ ಜೊತೆ ನೀಲಗಿರಿ ಮರದ ವಾಸನೆ ಬಂತು ನೋಡಿ, ಕವಲಂದೆಯ ನಮ್ಮ ಈ ಮನೆ ಕಟ್ಟಿಸಿದ ಕಾಲ ಕಣ್ಮುಂದೆ ನಿಂತಿತು.

ಹೆಂಚಿನ ಮನೆಯಲ್ಲೇ ಬಾಳಿದ್ದ ಅಜ್ಜಿಗೆ ಕಂಬವಿಲ್ಲದ ನಡುಮನೆಯ ಮೇಲೆ ನಂಬಿಕೆಯೇ ಇರಲಿಲ್ಲ. ತಾರಸಿಗೆ ಆನಿಸಿದ್ದ ನೀಲಗಿರಿ ಕಂಬಗಳನ್ನು ಆಳುಗಳು ಒಂದೊಂದಾಗಿ ಬಿಚ್ಚುತ್ತಾ ಬಂದವರು, ನಟ್ಟನಡುವಿನ ಕೊನೆಯ ಕಂಬದ ಹತ್ತಿರ ನಿಂತುಬಿಟ್ಟರು. ಬೆಳಿಗ್ಗೆಯೇ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸಿದ್ದಳು. ಪೂಜೆಯಾದ ಕಂಬಕ್ಕೆ ಸುತ್ತಿಗೆ ಹಾಕಲು ಯಾರೂ ಒಪ್ಪಲಿಲ್ಲ.

“ಇಷ್ಟ್ ತೂಕ ಕಂಬ ಇಲ್ದೆ ಎಂಗ್ಲಾ ನಿಂತ್ಕತದೆ?” ಎಂದಳು ಅಜ್ಜಿ.

“ಒಳಗೆ ಕಬ್ಬಿಣ ಅದೆ ಕಣವ್ವ,” ಎಂದ ನಂಜನಗೂಡಿನ ಮೇಸ್ತ್ರಿ.

“ಅವ್ವ, ಈಚೆ ಬಾ!” ಎಂದು ಅಪ್ಪ ಬಾಗಿಲಿನಿಂದ ಕೂಗಿದ.

ಅಜ್ಜಿ ಕಂಬವನ್ನು ತಬ್ಬಿಕೊಂಡಳು. “ಮಕ್ಳೆಲ್ಲ ಆಚೆಗೋಗ್ಲಿ. ಬಿದ್ರೆ ನನ್ ಮ್ಯಾಲೇ ಬೀಳ್ಲಿ.”

ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಮೇಸ್ತ್ರಿ ಚಪ್ಪಲಿ ಬಿಟ್ಟು, ಕಂಬಕ್ಕೆ ಕೈಮುಗಿದು, ಬುಡದ ಬೆಣೆಗೆ ತಾನೇ ಹೊಡೆದ. ಕಂಬ ವಾಲಿತು. ಮೇಲಿನಿಂದ ಸಿಮೆಂಟಿನ ಪುಡಿ ಅಜ್ಜಿಯ ತಲೆಯ ಮೇಲೆ ಉದುರಿತು. ಅವಳು ಕಣ್ಣು ಬಿಡಲಿಲ್ಲ. ತಾರಸಿ ಅಲುಗಲಿಲ್ಲ.

ಅಂದಿನಿಂದ ಅಜ್ಜಿ ನಡುಮನೆ ದಾಟುವಾಗಲೆಲ್ಲ ಕಂಬವಿದ್ದ ಜಾಗವನ್ನು ಸುತ್ತಿ ಬಳಸಿಕೊಂಡೇ ಹೋಗುತ್ತಿದ್ದಳು. ಈಗ ಅವಳಿಲ್ಲ. ಇವತ್ತು ಈ ಮಾತು ತೆಗೆದಾಗ ಅಪ್ಪ, “ನಮ್ಮವ್ವಂಗೆ ಉಚ್ಚು ಕಣ್ ಮಗ,” ಎಂದು ನಕ್ಕು, ಕಾಫಿ ಲೋಟ ಹಿಡಿದು ಎದ್ದ. ಖಾಲಿ ನಡುಮನೆಯ ಮಧ್ಯಕ್ಕೆ ಬಂದವನು ಸ್ವಲ್ಪ ಬಲಕ್ಕೆ ಸರಿದು, ಕಂಬವನ್ನು ಬಳಸಿಕೊಂಡು ಒಳಗೆ ಹೋದ.