ಎರಡಿಂಚು ಕೆಳಗೆ

ಅಮಾವಾಸ್ಯೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಚಿಗವ್ವನ ಮಗ ಬಸು ತನ್ನ ಕಾರಿನ ಹಿಂದಿನ ಎಡಗಾಲಿ ಬಿಚ್ಚಿದ. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಮಹತ್ವದ ಕೆಲಸವೊಂದರಲ್ಲಿ ತೊಡಗಿದ್ದೆ. ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ. ಭೌತಶಾಸ್ತ್ರದ ಸ್ನಾತಕೋತ್ತರ ಪದವಿ, ಹನ್ನೊಂದು ವರ್ಷ ಕಾಲೇಜಿನ ಮಕ್ಕಳಿಗೆ ಸ್ಪ್ರಿಂಗಿನ ಪಾಠ ಹೇಳಿದ ಅನುಭವ, ಎಲ್ಲವನ್ನೂ ಹೆಬ್ಬೆರಳಿನ ತುದಿಗೆ ತಂದುಕೊಂಡು ನಿಂತಿದ್ದೆ.

ಕಾರನ್ನು ಕೆಳಗಿಳಿಸುವುದೆಂದರೆ ಏನೆಂದು ತಿಳಿಯದ ಪುಣ್ಯವಂತರಿಗೆ ಹೇಳಿಬಿಡುತ್ತೇನೆ. ಕಂಪನಿಯವರು ಹತ್ತಾರು ಜನ ಎಂಜಿನಿಯರುಗಳನ್ನು ಕೂರಿಸಿ, ತಲೆ ಕೆಡಿಸಿಕೊಂಡು, ಕಾರು ನೆಲದಿಂದ ಇಷ್ಟು ಎತ್ತರ ಇರಬೇಕೆಂದು ಗೊತ್ತು ಮಾಡಿರುತ್ತಾರೆ. ಅದು ತಪ್ಪೆಂದು ಕುಬಿಹಾಳದಲ್ಲಿ ಕೂತ ಬಸುವಿಗೆ ಗೊತ್ತಾಗುತ್ತದೆ. ಅವರು ಹಾಕಿದ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಿದರೆ ಕಾರು ಎರಡಿಂಚು ಇಳಿದು ನೆಲ ಕಚ್ಚಿ ಕೂರುತ್ತದೆ. ಆಗ ಅದಕ್ಕೊಂದು ‘ಲುಕ್’ ಬರುತ್ತದಂತೆ. ಕುಂದಗೋಳದ ದಾರಿಯ ಹಂಪುಗಳು ಈಗಿನ ಎತ್ತರದಲ್ಲೇ ಕಾರಿನ ಹೊಟ್ಟೆ ಕೆರೆದು ಕಳಿಸುತ್ತವೆ ಎಂದರೆ ಬಸು ಮರುಕದಿಂದ ನನ್ನನ್ನು ನೋಡಿದ. “ಅಣ್ಣಾ, ನಿಂಗ ಈ ವಿಷಯ ತಿಳಿಯೂದಿಲ್ಲ ಬಿಡು.”

ಅವನಿಗೆ ತಿಳಿಯುತ್ತಿತ್ತು. ಅವನದು ಬೋರಿನ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ ಜೋಡಿಸುವವನಿಗೆ ಕಾರು ಯಾವ ಲೆಕ್ಕ! ಮೇಲಾಗಿ ಮೂರು ವಿಡಿಯೋ ನೋಡಿದ್ದ. ಮೂರನ್ನೂ ನೆಲಕ್ಕೆ ಸಿಮೆಂಟು ಹಾಕಿದ ಶೆಡ್ಡಿನಲ್ಲಿ ತೆಗೆದಿದ್ದರು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದೆ ಯಾರೂ ಅದಕ್ಕೆ ಕೈ ಹಚ್ಚುವುದಿಲ್ಲ. ಕೆಡವುವ ಕೆಲಸವಾದರೂ ದೇವರ ಅಪ್ಪಣೆ ಬೇಕು. ಬಸು ಎಂಟು ಕೊಡ ನೀರು ಹೊಡೆದು ಕಾರು ತೊಳೆದ. ವಿಭೂತಿ ಬಳಿದ, ಊದಿನಕಡ್ಡಿ ಬೆಳಗಿದ, ನಟ್ಟು ಬಿಚ್ಚುವ ಪಾನಾಕ್ಕೂ ಜ್ಯಾಕಿಗೂ ಕುಂಕುಮ ಹಚ್ಚಿದ. ಒಡೆದ ಕಾಯಿಯ ನೀರನ್ನೂ ಅಲ್ಲೇ ಚೆಲ್ಲಿದ. ಆಮೇಲೆ, ಅಷ್ಟೂ ನೀರು ಕುಡಿದ ಅದೇ ಅಂಗಳದಲ್ಲಿ, ಅದೇ ಜಾಗದಲ್ಲಿ ಜ್ಯಾಕು ನಿಲ್ಲಿಸಿ ಕಾರು ಎತ್ತಿದ.

ಅದು ಎರೆಮಣ್ಣಿನ ಅಂಗಳ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ನೀರು ಬಿದ್ದರೆ ಒಳಗೊಳಗೇ ಬೆಣ್ಣೆಯಾಗುತ್ತದೆ. ನಮ್ಮ ಹಿರಿಯರು ಚಕ್ಕಡಿಗೆ ಎದೆಯೆತ್ತರದ ಗಾಲಿ ಮಾಡಿಸಿದ್ದು ಈ ಮಣ್ಣಿಗೆ ಹೆದರಿ. ಶಾಲೆಯ ಮೆಟ್ಟಿಲು ಹತ್ತದ ಅವರು ಗಾಡಿಯನ್ನು ನೆಲದಿಂದ ಆದಷ್ಟು ಮೇಲಕ್ಕೆ ಎತ್ತಿದರು. ಓದಿದ ನಾವು ಅದನ್ನು ಆದಷ್ಟು ಕೆಳಗೆ ತರಲು ಹೊರಟಿದ್ದೆವು. ಪ್ರಗತಿ ಎನ್ನುವುದು ಯಾವಾಗಲೂ ಮೇಲ್ಮುಖವಾಗಿಯೇ ಇರಬೇಕೆಂದು ಯಾರು ಹೇಳಿದರು?

ನನಗೆ ಭಯವಿರಲಿಲ್ಲ ಎಂದಲ್ಲ. ಇತ್ತು, ಆದರೆ ಸ್ಪ್ರಿಂಗಿನದು. ಅದುಮಿಟ್ಟ ಸ್ಪ್ರಿಂಗಿನಲ್ಲಿ ಎಷ್ಟು ಶಕ್ತಿ ಅಡಗಿರುತ್ತದೆಂದು ಬೋರ್ಡಿನ ಮೇಲೆ ವರ್ಷಕ್ಕೆರಡು ಸಲ ಬರೆಯುವವನು ನಾನು. ಹಾಗಾಗಿ ಅದು ಜಿಗಿಯದಂತೆ ಎತ್ತಿನ ಹಗ್ಗದಿಂದ ಬಿಗಿಸಿ, ತಮ್ಮನನ್ನು ಅದರ ಹತ್ತಿರ ಮಲಗಿಸಿ, ನಾನು ಕಂಬದ ಮರೆಗೆ ನಿಂತೆ. ಜ್ಞಾನದಿಂದ ಆಗುವ ಲಾಭ ಇದೇ.

ಸ್ಪ್ರಿಂಗ್ ಮಾತ್ರ ಸಾಧು ಪ್ರಾಣಿ. ಬಸು ಕಾರಿನಡಿ ತಲೆ, ಭುಜ ತೂರಿಸಿ ಎಳೆದದ್ದೇ ತಡ, ಹಗ್ಗದ ಸಮೇತ ಹೊರಗೆ ಬಂತು. “ನೋಡಿದೇನಣ್ಣಾ, ಇಷ್ಟ!” ಎಂದು ಒಳಗಿನಿಂದಲೇ ನಕ್ಕ.

ಆ ನಗು ಮುಗಿಯುವ ಮೊದಲೇ ಜ್ಯಾಕು ಮಣ್ಣಿನಲ್ಲಿ ಓರೆಯಾಯಿತು. ಸದ್ದೂ ಆಗಲಿಲ್ಲ. ಕಾರು ನಿಧಾನಕ್ಕೆ, ಉಂಡವರು ಗೋಡೆಗೆ ಒರಗುವಂತೆ, ಅವನ ಮೇಲೆ ಕುಸಿಯಿತು. ಎರಡಿಂಚಲ್ಲ, ಒಂದು ಗೇಣು ಇಳಿಯಿತು. ಆಮೇಲೆ ಧಡ್ ಎಂದು ಎಲ್ಲೋ ಕೂತು ನಿಂತಿತು.

ಬಿಚ್ಚಿದ ಗಾಲಿ ಕಾರಿನಡಿ ಅಡ್ಡ ಮಲಗಿತ್ತು. ಕಾರು ಕೂತದ್ದು ಅದರ ಮೇಲೆ. ಬಸುವಿನ ಕಿವಿಗೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳಿನ ಜಾಗವಿತ್ತು. ಅವನು ತೆವಳಿ ಹೊರಬಂದಾಗ ಮುಖದಲ್ಲಿ ಬಣ್ಣವಿರಲಿಲ್ಲ. ಹೋಳಿಗೆಯ ಹಿಟ್ಟಿನ ಕೈಯಲ್ಲೇ ಓಡಿಬಂದ ಚಿಗವ್ವ ಮಗನ ತಲೆ, ಭುಜ, ಕೈ ಮುಟ್ಟಿ ಮುಟ್ಟಿ ನೋಡಿದಳು. ಎಲ್ಲಾ ಇದ್ದಲ್ಲೇ ಇದೆಯೆಂದು ಖಾತ್ರಿಯಾದ ಮೇಲೆ ಒಂದು ಬಾರಿಸಿದಳು. ಅವನ ಕೆನ್ನೆಯ ಮೇಲೆ ಐದು ಬೆರಳು ಬಿಳಿಯಾಗಿ ಮೂಡಿದವು.

ಸಂಜೆಗೆ ಊರೆಲ್ಲ ಸುದ್ದಿ. “ನಮ್ಮ ಮಾಸ್ತರ ಇದ್ದಾ ಅಂತ ನನ್ನ ಮಗಾ ಉಳದಾನ್ರಿ. ಗಾಲಿ ತಗದು ಒಳಗ ಇಟ್ಟಿದ್ದ ನೋಡ್ರಿ, ಓದಿದವ್ರ ಬುದ್ಧಿ!” ಎಂದು ಚಿಗವ್ವ ಕಂಡಕಂಡವರಿಗೆ ಹೇಳಿದಳು. ಬಸು ನನ್ನ ಕಾಲಿಗೆ ಬಿದ್ದ. ನಾನು ಬೇಡವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ಗಂಟಲು ಸರಿಪಡಿಸಿಕೊಂಡೆ.

ಮನೆಗೆ ಬಂದು ವಿಡಿಯೋ ನೋಡಿದೆ. ಕಾಲುಂಗುರದ ಒಂದು ಕಾಲು ಚೌಕಟ್ಟಿನೊಳಗೆ ಬರುತ್ತದೆ. ಒಣಹಾಕಿದ ಮೆಣಸಿನಕಾಯಿಯ ಮೇಲೆ ಬಿದ್ದ ಗಾಲಿಯನ್ನು ಒದ್ದು ಕಾರಿನಡಿ ತಳ್ಳುತ್ತದೆ. “ಬಾಜೂಕ ಇಡಾಕ ಬರೂದಿಲ್ಲೇನ ನಿಮಗ?” ಎಂದು ಬೈಯುತ್ತದೆ. ಹೋಗುತ್ತದೆ. ನಾನು ಆ ಕಾಲು ಅಡ್ಡ ಬಂತೆಂದು ಮೊಬೈಲನ್ನು ಸ್ವಲ್ಪ ಈಚೆ ಸರಿಸಿದ್ದೇನೆ.

ಹದಿನೇಳು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಕಾರು ಇಳಿಯುತ್ತಿತ್ತು; ಒಮ್ಮೊಮ್ಮೆ ಗಾಲಿ ಇರುತ್ತಿರಲಿಲ್ಲ. ಹಗಲು ಯಾರಾದರೂ ಹೊಗಳಿದರಂತೂ ಆ ರಾತ್ರಿ ಪೂರ್ತಿ ಹೋಯಿತೆಂದೇ ಲೆಕ್ಕ. ಅಷ್ಟರಲ್ಲಿ ಬಸು ತಂದಿಟ್ಟ ನಾಲ್ಕೂ ಗಿಡ್ಡ ಸ್ಪ್ರಿಂಗುಗಳನ್ನು ಒರೆಸಿ ಎಣ್ಣೆ ಹಚ್ಚುತ್ತಿದ್ದಾನೆಂದು ಗೊತ್ತಾಯಿತು. ಬರುವ ಅಮಾವಾಸ್ಯೆಗೆ ಮುಹೂರ್ತವಂತೆ.

ಬುಧವಾರ ಕಾಲೇಜು ಬಿಟ್ಟವನೇ ಕುಬಿಹಾಳಕ್ಕೆ ಹೋಗಿ ಚಿಗವ್ವನ ಮುಂದೆ ವಿಡಿಯೋ ಹಿಡಿದೆ. ನೋಡಿದಳು. “ಕಾಲ ನಂದ. ಅದಕ್ಕೇನೀಗ?”

“ಗೊತ್ತಿತ್ತನ ನಿನಗ?”

“ಗಾಲಿ ಒದ್ದ ಕಾಲು ಎಂಟು ದಿನ ಬಾತಿತ್ತು. ಗೊತ್ತಿರೂದಿಲ್ಲೇನಲೇ?”

“ಮತ್ತ ಊರಿಗೆಲ್ಲಾ ನನ್ನ ಹೆಸರು ಯಾಕ ಹೇಳಿದಿ ಬೇ?”

ಮೆಣಸಿನಕಾಯಿ ತಿರುವಿ ಹಾಕುತ್ತಲೇ ಹೇಳಿದಳು: “ಅವ್ವ ಬೈದ್ರ ಅವ ಕೇಳೂದಿಲ್ಲ. ಜೀವಾ ಉಳಿಸಿದ ಅಣ್ಣ ಬೈದ್ರ ಕೇಳ್ತಾನ. ನೀ ಇವತ್ತ ಬೈತಿ, ನಾಳೆ ಬೈತಿ ಅಂತ ನಾನೂ ಕಾದೇ ಕಾದೆ. ನೀ ನೋಡಿದ್ರ ಹೊಗಳಿಸಿಕೊಂಡು ಅಡ್ಡಾಡಾಕತ್ತಿ.”

ನಾನು ಒಳಗೆ ಹೋಗಿ, ಜನ್ಮದಲ್ಲಿ ಮೊದಲ ಸಲ, ಬಸುವಿಗೆ ಬೈದೆ. ವಿಡಿಯೋ ತೋರಿಸಿ, ಗಾಲಿ ನಾನಿಟ್ಟದ್ದಲ್ಲವೆಂದೂ ಹೇಳಿ, ಅವನಿಗೆ ಬೈದಷ್ಟೇ ನನಗೂ ಬೈದುಕೊಂಡೆ. ಅವನು ಆ ಕಾಲನ್ನು ಎರಡು ಸಲ ನೋಡಿದ. ಸ್ಪ್ರಿಂಗುಗಳ ಪೆಟ್ಟಿಗೆ ತಂದು ಅವ್ವನ ಮುಂದಿಟ್ಟ. ಆಕೆ ಒಂದನ್ನು ಆರಿಸಿ, ಅಂಗಳದಲ್ಲಿ ಅರ್ಧ ಹೂಳಿಸಿ, ಅದರ ಮೇಲೆ ಕೋಳಿಗೆ ನೀರಿಡುವ ಗಡಿಗೆ ಕೂರಿಸಿದಳು. ಗಡಿಗೆಯ ಎತ್ತರ ಆಕೆಗೆ ಒಪ್ಪಿಗೆಯಾಯಿತು.

ಆ ಬುಧವಾರ ಮಲಗಿದವನು ಎಚ್ಚರಾದದ್ದು ಗುರುವಾರ ಬಿಸಿಲು ಮುಖಕ್ಕೆ ಬಡಿದಾಗ. ಕಾಲೇಜಿನ ಮೊದಲ ತಾಸು ತಪ್ಪಿತು. ಸ್ಪ್ರಿಂಗಿನ ಪಾಠವಿತ್ತು, ಮಕ್ಕಳಿಗೆ ಅದರಿಂದ ಹೆಚ್ಚಿನ ನಷ್ಟವೇನೂ ಆಗಿರಲಾರದು.